ಕಸದ ಗಾಡಿಯ ಜಾಲತಾಣ ಅಂಗವಿಕಲರಿಗೂ ಒದಗಬೇಕಾದರೆ

ಮನೆ ಬಾಗಿಲಿಗೆ ಬಂದು ಕಸ ಒಯ್ಯುವ ವ್ಯವಸ್ಥೆ ಈಗ ಪೇಟೆಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಕಾಸರಗೋಡು, ವಯನಾಡಿನ ಪಂಚಾಯತ್‌ಗಳಲ್ಲಿ ಹರಿತ ಕರ್ಮಸೇನೆಯ ಮಹಿಳೆಯರು ಮನೆಮನೆಗೆ ಬಂದು ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ ಒಯ್ಯುತ್ತಾರೆ. ಸೊಲ್ಲಾಪುರ ಸೀಮೆಯಲ್ಲಿ ಘಂಟಾಗಾಡಿ ಬರುತ್ತದೆ. ಹೊಸೂರು, ತಾಳವಾಡಿ ಕಡೆ ತಮಿಳುನಾಡಿನ ಸ್ವಚ್ಛತಾ ಕಾರ್ಮಿಕರು ಬರುತ್ತಾರೆ. ಕೆಲವೆಡೆ ಸ್ಥಳೀಯಾಡಳಿತವೇ ಈ ಕೆಲಸ ನಡೆಸಿದರೆ, ಕೆಲವೆಡೆ ಗುತ್ತಿಗೆ ಹಿಡಿದ ಕಂಪೆನಿ ಅಥವಾ ಸಹಕಾರ ಸಂಘ ನಡೆಸುತ್ತದೆ. ಯಾರೇ ನಡೆಸಲಿ, ಗಾಡಿ ಬರುವ ದಿನ, ತಿಂಗಳ ಶುಲ್ಕ, ರಶೀದಿ, ದೂರು ಇವೆಲ್ಲ ಒಂದೊಂದಾಗಿ ಜಾಲತಾಣಕ್ಕೂ ಮೊಬೈಲ್ ಆ್ಯಪಿಗೂ ಸರಿಯುತ್ತಿವೆ.

ಜಾಲತಾಣ ಓದಲಾಗದವರ ಪಾಡೇನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಗಾಡಿ ಬರುವ ದಿನ ಬದಲಾದರೆ ಕಣ್ಣು ಕಾಣುವವರು ನೆರೆಮನೆಯ ಗೇಟಿನ ಮುಂದೆ ಚೀಲ ಇಟ್ಟಿರುವುದನ್ನು ನೋಡಿಯಾದರೂ ತಿಳಿದುಕೊಳ್ಳುತ್ತಾರೆ. ಒಂಟಿಯಾಗಿರುವ ಅಂಧರಿಗೆ ಆ ಅನುಕೂಲವಿಲ್ಲ. ತಿಂಗಳಿಗೊಮ್ಮೆ ಕಸ ಒಯ್ಯುವ ಊರಿನಲ್ಲಿ ಒಂದು ಸಲ ತಪ್ಪಿತೆಂದರೆ ಎರಡು ತಿಂಗಳ ಕಸ ಮನೆಯೊಳಗೇ ಉಳಿಯುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತವರು ಅದನ್ನು ಹೊತ್ತು ಸಂಗ್ರಹ ಕೇಂದ್ರಕ್ಕೆ ಕೊಂಡೊಯ್ಯಲಾರರು. ಹಿತ್ತಲಲ್ಲಿ ಸುಟ್ಟರೆ ದಂಡ ಬೀಳುತ್ತದೆ. ಶುಲ್ಕ ಬಾಕಿಯಾದರೂ ತೊಂದರೆ ತಪ್ಪಿದ್ದಲ್ಲ. ಕೇರಳದಲ್ಲಿ ಇದನ್ನು ಆಸ್ತಿ ತೆರಿಗೆಯ ಬಾಕಿಯಂತೆ ವಸೂಲಿ ಮಾಡಲು ಅವಕಾಶವಿದೆ. ಹೀಗಾಗಿ ಈ ಜಾಲತಾಣದ ಒಂದು ಪುಟ ತೆರೆಯದೆ ಹೋದರೆ ಅದು ಬರಿಯ ಕಿರಿಕಿರಿಯ ಮಾತಾಗಿ ಉಳಿಯುವುದಿಲ್ಲ.

ಇಂಥ ಜಾಲತಾಣ ಎಲ್ಲರಿಗೂ ಒದಗುವಂತಾಗಲು ಏನೇನು ಸರಿಪಡಿಸಬೇಕು, ಕಾನೂನು ಏನು ಹೇಳುತ್ತದೆ, ಊರಿನವರೇ ಅದನ್ನು ಪರೀಕ್ಷಿಸುವುದು ಹೇಗೆ, ಸರಿಯಿಲ್ಲದಿದ್ದರೆ ಯಾರಿಗೆ ಬರೆಯಬೇಕು ಎಂಬ ವಿವರ ಇಲ್ಲಿದೆ.

ಯಾರಿಗೆ ಎಲ್ಲಿ ಅಡ್ಡಿ?

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಅಂದರೆ ಜನಸಂಖ್ಯೆಯ ಶೇ. 2.21. ಆಗ ಎಣಿಕೆಯಾದದ್ದು ಕೆಲವೇ ಬಗೆಯ ವೈಕಲ್ಯಗಳು. 2016ರ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡಿದೆ. ಇವರಲ್ಲದೆ ವಯಸ್ಸಾಗಿ ಕಣ್ಣು ಮಂಜಾದವರು, ಕೈ ನಡುಗುವವರು, ಕಿವಿ ಮಂದವಾದವರು ಪ್ರತಿ ಮನೆಯಲ್ಲೂ ಇದ್ದಾರೆ.

- ಅಂಧರು: ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶ ಬಳಸುತ್ತಾರೆ. ಇದಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಮೌಸ್ ಬಳಸುವುದಿಲ್ಲ. ಚಿತ್ರದೊಳಗಿನ ಅಕ್ಷರ ಇವರನ್ನು ತಲುಪುವುದು ಕಷ್ಟ.
- ಮಂದದೃಷ್ಟಿಯವರು: ಅಕ್ಷರ ದೊಡ್ಡದು ಮಾಡಿ ಓದುತ್ತಾರೆ. ತೆಳು ಬಣ್ಣದ ಅಕ್ಷರ ಕಾಣುವುದಿಲ್ಲ.
- ಬಣ್ಣಗುರುಡು ಇರುವವರು: ಕೆಂಪು ಮತ್ತು ಹಸಿರನ್ನು ಬೇರೆಬೇರೆಯಾಗಿ ಗುರುತಿಸುವುದು ಹಲವರಿಗೆ ಕಷ್ಟ. ಬಣ್ಣದ ಮೇಲೆಯೇ ನಿಂತಿರುವ ಕಸ ವಿಂಗಡಣೆಯಲ್ಲಿ ಇದು ದೊಡ್ಡ ತೊಡಕು.
- ಕಿವುಡರು: ಫೋನ್ ನಂಬರ್ ಮಾತ್ರ ಕೊಟ್ಟ ದೂರು ವ್ಯವಸ್ಥೆ ಇವರಿಗೆ ಇಲ್ಲದಂತೆಯೇ.
- ಕೈ ಸ್ವಾಧೀನದಲ್ಲಿಲ್ಲದವರು: ಸಣ್ಣ ಗುಂಡಿ ಒತ್ತುವುದು, ಎಳೆದು ಬಿಡುವುದು, ಅವಸರದಲ್ಲಿ ಓಟಿಪಿ ತುಂಬುವುದು ಆಗುವುದಿಲ್ಲ.
- ಬೌದ್ಧಿಕ ವೈಕಲ್ಯ ಅಥವಾ ಓದುವ ತೊಡಕು ಇರುವವರು: ಕಚೇರಿ ಭಾಷೆಯ ಉದ್ದುದ್ದ ವಾಕ್ಯಗಳು ಅರ್ಥವಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದರ ನಾಲ್ಕು ಅಂಶಗಳು ಇಲ್ಲಿಗೆ ಸಂಬಂಧಿಸಿವೆ. 40ನೇ ಸೆಕ್ಷನ್ ಮಾಹಿತಿ ತಂತ್ರಜ್ಞಾನವೂ ಸೇರಿದಂತೆ ಸುಗಮ್ಯತೆಯ ಮಾನದಂಡಗಳನ್ನು ರೂಪಿಸಲು ಕೇಂದ್ರ ಸರ್ಕಾರಕ್ಕೆ ಹೇಳುತ್ತದೆ. 42ನೆಯದು ವಿದ್ಯುನ್ಮಾನ ಮಾಧ್ಯಮದಲ್ಲಿರುವ ವಿಷಯ ಅಂಗವಿಕಲರಿಗೆ ಸಿಗುವಂತೆ ಸರ್ಕಾರಗಳು ಕ್ರಮ ಕೈಗೊಳ್ಳಬೇಕೆನ್ನುತ್ತದೆ. 46ನೆಯದರ ಪ್ರಕಾರ ಸೇವೆ ಒದಗಿಸುವವರು ಸರ್ಕಾರಿಯಾಗಿರಲಿ ಖಾಸಗಿಯಾಗಿರಲಿ ಈ ನಿಯಮಗಳಂತೆ ಸೇವೆ ನೀಡಬೇಕು. ಕಾಯ್ದೆಯಲ್ಲಿ ಖಾಸಗಿ ಸಂಸ್ಥೆ ಎಂಬ ಮಾತಿನೊಳಗೆ ಕಂಪೆನಿ, ಪಾಲುದಾರಿಕೆ ಸಂಸ್ಥೆ, ಸಹಕಾರ ಸಂಘ, ಟ್ರಸ್ಟ್ ಎಲ್ಲ ಬರುತ್ತವೆ. ಆದ್ದರಿಂದ ಗುತ್ತಿಗೆ ಹಿಡಿದ ಕಸ ಸಂಗ್ರಹ ಕಂಪೆನಿ ತನಗೆ ಇದು ಅನ್ವಯಿಸುವುದಿಲ್ಲ ಎನ್ನುವಂತಿಲ್ಲ. 89ನೇ ಸೆಕ್ಷನ್ನಿನಂತೆ ಮೊದಲ ಉಲ್ಲಂಘನೆಗೆ 10,000 ರೂ. ತನಕ, ಮರುಕಳಿಸಿದರೆ 50,000 ರೂ.ಗಳಿಂದ 5 ಲಕ್ಷ ರೂ. ತನಕ ದಂಡವಿದೆ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಇದಕ್ಕೆ ಬಲ ತಂದಿವೆ. ದೃಷ್ಟಿದೋಷವುಳ್ಳ ರಾಜೀವ್ ರಾತೂರಿ ಅವರ ಅರ್ಜಿಯ ಮೇಲೆ 2024ರ ನವೆಂಬರ್ 8ರಂದು ಬಂದ ತೀರ್ಪು, 2017ರ ನಿಯಮಾವಳಿಯ 15(1)ನೇ ನಿಯಮ ಕಾಯ್ದೆಯ ಆಶಯಕ್ಕೆ ಹೊಂದುವುದಿಲ್ಲ ಎಂದಿತು. ಆ ನಿಯಮ ಸುಗಮ್ಯತೆಯನ್ನು ಬರಿಯ ಮಾರ್ಗಸೂಚಿಯ ಮಟ್ಟದಲ್ಲಿ ಇರಿಸಿತ್ತು. ಕಡ್ಡಾಯವಾಗಿ ಪಾಲಿಸಲೇಬೇಕಾದ ಕನಿಷ್ಠ ನಿಯಮಗಳು ಬೇಕೆಂದು ನ್ಯಾಯಾಲಯ ಸೂಚಿಸಿತು. 2025ರ ಏಪ್ರಿಲ್ 30ರಂದು ಪ್ರಗ್ಯಾ ಪ್ರಸೂನ್ ಪ್ರಕರಣದಲ್ಲಿ ಇನ್ನೊಂದು ತೀರ್ಪು ಬಂತು. ಕಣ್ಣು ಮಿಟುಕಿಸಿ ಗುರುತು ದೃಢಪಡಿಸುವಂಥ ಕೆವೈಸಿ ವಿಧಾನದಿಂದ ಆ್ಯಸಿಡ್ ದಾಳಿಗೆ ತುತ್ತಾದವರು ಮತ್ತು ಅಂಧರು ಹೊರಗುಳಿಯುತ್ತಿದ್ದ ವಿಷಯ ಅದು. ಡಿಜಿಟಲ್ ಸೌಲಭ್ಯ ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು.

ಅಳತೆಗೋಲು ಯಾವುದು?

ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅಳತೆಗೋಲಿನ ಹೆಸರು ಡಬ್ಲ್ಯುಸಿಎಜಿ. ವಿಶ್ವವ್ಯಾಪಿ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇದನ್ನು 1999ರಲ್ಲಿ ಮೊದಲು ಹೊರತಂದಿತು. 2.0 ಆವೃತ್ತಿ 2008ರಲ್ಲಿ, 2.1 ಆವೃತ್ತಿ 2018ರಲ್ಲಿ, 2.2 ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂದವು. ಎ, ಎಎ, ಎಎಎ ಎಂಬ ಮೂರು ಮಟ್ಟಗಳಿವೆ. ಸಾಮಾನ್ಯವಾಗಿ ಎಎ ಮಟ್ಟವನ್ನು ಗುರಿಯಾಗಿ ಇಟ್ಟುಕೊಳ್ಳಲಾಗುತ್ತದೆ. ಭಾರತದಲ್ಲಿ ಸರ್ಕಾರಿ ಜಾಲತಾಣಗಳಿಗೆ ಜಿಐಜಿಡಬ್ಲ್ಯು ಎಂಬ ಮಾರ್ಗಸೂಚಿಯಿದ್ದು, ಅದರ 3.0 ಆವೃತ್ತಿ 2023ರದು. ಭಾರತೀಯ ಮಾನಕ ಬ್ಯೂರೋದ ಐಎಸ್ 17802 ಮಾನದಂಡ 2021 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಗಿದೆ.

ಈ ಎಲ್ಲದರ ಸಾರ ನಾಲ್ಕು ಮಾತು: ಪುಟದಲ್ಲಿರುವುದು ಕಣ್ಣಿಗೋ ಕಿವಿಗೋ ಸಿಗಬೇಕು, ಬಳಸಲು ಬರಬೇಕು, ಅರ್ಥವಾಗಬೇಕು, ಯಾವ ಸಾಧನದಲ್ಲಿ ತೆರೆದರೂ ಕೆಡದೆ ನಿಲ್ಲಬೇಕು.

ಮೊದಲ ಕೆಲಸ: ಲಿಪಿ ಮತ್ತು ಭಾಷೆ

ಗಡಿನಾಡಿನ ಜಾಲತಾಣಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳಲ್ಲಿ ಇದರ ವಿಚಾರ ಹೆಚ್ಚು ಸಿಗುವುದಿಲ್ಲ.

ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ, ಬರಹ ಅಥವಾ ಶ್ರೀಲಿಪಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಪ್ರಕಟಣೆಯನ್ನು ಹಾಗೇ ಜಾಲತಾಣಕ್ಕೆ ಏರಿಸುವ ರೂಢಿ ಹಲವೆಡೆ ಇದೆ. ಈ ಹಳೆಯ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಒಳಗೆ ಶೇಖರವಾಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಸ್ಕ್ರೀನ್ ರೀಡರ್ ಓದುವುದು ಆ ಸಂಕೇತವನ್ನು. ಹೀಗಾಗಿ ಕೇಳುವವರಿಗೆ ತಲೆಬುಡವಿಲ್ಲದ ಸದ್ದು ಮಾತ್ರ ಕೇಳಿಸುತ್ತದೆ. ಮಲಯಾಳದ ಎಂಎಲ್-ಟಿಟಿ ಕಾರ್ತಿಕ, ತಮಿಳಿನ ಬಾಮಿನಿ, ತೆಲುಗಿನ ಅನು ಫಾಂಟುಗಳದೂ ಇದೇ ಕತೆ. ಇದಕ್ಕಿರುವ ಮದ್ದು ಯೂನಿಕೋಡ್. ಯೂನಿಕೋಡಿನಲ್ಲಿ ಪ್ರತಿ ಲಿಪಿಗೂ ಅದರದೇ ಸಂಕೇತಗಳಿವೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕು.

ಎರಡನೆಯದು ಭಾಷೆಯ ಗುರುತು. ಪುಟದ ಭಾಷೆ ಯಾವುದೆಂದು ಎಚ್‌ಟಿಎಂಎಲ್ ಸಂಕೇತದಲ್ಲಿ ಹೇಳಲು 'ಲ್ಯಾಂಗ್' ಎಂಬ ಸೂಚನೆಯಿದೆ. ಕನ್ನಡಕ್ಕೆ ಕೆಎನ್, ಮಲಯಾಳಕ್ಕೆ ಎಂಎಲ್, ತಮಿಳಿಗೆ ಟಿಎ, ಮರಾಠಿಗೆ ಎಂಆರ್, ತೆಲುಗಿಗೆ ಟಿಇ. ಯಾವ ಭಾಷೆಯ ಧ್ವನಿಯಲ್ಲಿ ಓದಬೇಕು ಎಂಬುದನ್ನು ಸ್ಕ್ರೀನ್ ರೀಡರ್ ಇದರಿಂದ ತಿಳಿದುಕೊಳ್ಳುತ್ತದೆ. ಮಲಯಾಳವೆಂದು ಗುರುತು ಹಾಕಿದ ಪುಟದ ನಡುವೆ ಎರಡು ಸಾಲು ಕನ್ನಡ ಬಂದರೆ, ಆ ಎರಡು ಸಾಲಿಗೆ ಪ್ರತ್ಯೇಕವಾಗಿ ಕನ್ನಡದ ಗುರುತು ಹಾಕಬೇಕು. ಇಲ್ಲವಾದರೆ ತಂತ್ರಾಂಶ ತಪ್ಪಾಗಿ ಓದಬಹುದು, ಬಿಟ್ಟುಬಿಡಲೂಬಹುದು. ಎರಡು ಭಾಷೆ ಬಲ್ಲವರಿಗೂ ಇದರಿಂದ ತೊಂದರೆಯೇ, ಯಾಕೆಂದರೆ ಇಲ್ಲಿ ಓದುವುದು ಯಂತ್ರ.

ಮೂರನೆಯದು ಭಾಷೆ ಬದಲಿಸುವ ಕೊಂಡಿ. ಇದು ಪುಟದ ತಲೆಯಲ್ಲೇ ಇರಬೇಕು ಮತ್ತು ಕನ್ನಡದ ಕೊಂಡಿಯಲ್ಲಿ 'ಕನ್ನಡ' ಎಂದು ಕನ್ನಡ ಲಿಪಿಯಲ್ಲೇ ಬರೆದಿರಬೇಕು. ಮಲಯಾಳ ಲಿಪಿಯಲ್ಲೋ ಇಂಗ್ಲಿಷಿನಲ್ಲೋ ಬರೆದರೆ ಯಾರಿಗಾಗಿ ಇದೆಯೋ ಅವರಿಗೇ ಸಿಗುವುದಿಲ್ಲ. ಕನ್ನಡ ಒತ್ತಿದಾಗ ಮುಖಪುಟ ಮಾತ್ರ ಕನ್ನಡದಲ್ಲಿ ಬಂದು ದೂರಿನ ನಮೂನೆ ಇಂಗ್ಲಿಷಿನಲ್ಲೇ ಉಳಿದರೆ ಕೆಲಸ ಅರ್ಧಕ್ಕೆ ನಿಂತಂತೆ.

ಕನ್ನಡ ಅಕ್ಷರದ ಗಾತ್ರದ ಕಡೆಗೂ ಗಮನ ಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆಂದು ಅಳೆದ ಗುಂಡಿಯೊಳಗೆ 'ಸಲ್ಲಿಸಿ' ಎಂದು ಹಾಕಿದರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ಸಾಲುಗಳ ನಡುವೆ ಅಕ್ಷರದ ಎತ್ತರದ ಒಂದೂವರೆ ಪಟ್ಟು ಜಾಗ ಬಿಟ್ಟರೆ ಮಂದದೃಷ್ಟಿಯವರಿಗೆ ಓದಲು ಬರುತ್ತದೆ.

ಗಾಡಿ ಬರುವ ದಿನದ ಪಟ್ಟಿ

ಕಸ ಸಂಗ್ರಹದ ಜಾಲತಾಣಕ್ಕೆ ಬರುವವರಲ್ಲಿ ಹೆಚ್ಚಿನವರು ಹುಡುಕುವುದು ಒಂದೇ ವಿಷಯ: ನಮ್ಮ ವಾರ್ಡಿಗೆ ಗಾಡಿ ಯಾವಾಗ? ಈ ಪಟ್ಟಿ ಮುದ್ರಿತ ಪೋಸ್ಟರಿನ ಫೋಟೊ ಆಗಿಯೋ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿಯೋ ಇದ್ದರೆ ಸ್ಕ್ರೀನ್ ರೀಡರಿಗೆ ಅದು ಬರಿ ಚಿತ್ರ. ವಾಟ್ಸ್‌ಆ್ಯಪಿಗೆ ಕಳಿಸಿದ ಚಿತ್ರವನ್ನೇ ಜಾಲತಾಣಕ್ಕೂ ಹಾಕಿದರೆ ಆಗುವುದು ಇದೇ.

ಪಟ್ಟಿಯನ್ನು ಪುಟದಲ್ಲೇ ಅಕ್ಷರರೂಪದ ಕೋಷ್ಟಕವಾಗಿ ಹಾಕಬೇಕು. ಮೇಲಿನ ಸಾಲಿನ 'ವಾರ್ಡ್', 'ದಿನ', 'ಸಮಯ', 'ಯಾವ ಕಸ' ಎಂಬ ತಲೆಬರಹಗಳನ್ನು ತಲೆಬರಹವೆಂದೇ ಸಂಕೇತದಲ್ಲಿ ಗುರುತಿಸಬೇಕು. ಆಗ ಸ್ಕ್ರೀನ್ ರೀಡರ್ ಒಂದು ಮನೆಗೆ ಬಂದಾಗ 'ದಿನ, ಮಂಗಳವಾರ' ಎಂದು ಜೋಡಿಸಿ ಓದುತ್ತದೆ. ಇಲ್ಲದಿದ್ದರೆ 'ಮಂಗಳವಾರ, ಎಂಟು, ಪ್ಲಾಸ್ಟಿಕ್' ಎಂದು ಸುಮ್ಮನೆ ಸಾಲಾಗಿ ಓದುತ್ತದೆ, ಯಾವುದು ಯಾವುದಕ್ಕೆ ಸೇರಿದ್ದೆಂದು ತಿಳಿಯುವುದಿಲ್ಲ.

ದಿನಾಂಕವನ್ನು '5/6' ಎಂದು ಬರೆಯುವುದಕ್ಕಿಂತ 'ಜೂನ್ 5' ಎಂದು ಬರೆಯುವುದು ಒಳ್ಳೆಯದು. 'ವಾ.ನಂ.', 'ಗ್ರಾ.ಪಂ.' ಮುಂತಾದ ಮೊಟಕು ರೂಪಗಳನ್ನು ಯಂತ್ರ ಚಿತ್ರವಿಚಿತ್ರವಾಗಿ ಓದುತ್ತದೆ, ಪೂರ್ತಿ ಬರೆದರೆ ತೊಡಕಿಲ್ಲ. ಹಬ್ಬ, ಹರತಾಳ, ಮಳೆಯಿಂದ ದಿನ ಬದಲಾದರೆ ಆ ಸೂಚನೆ ಓಡುವ ಅಕ್ಷರದಲ್ಲಿ ಬೇಡ. ಓಡುವ ಸಾಲು 5 ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗಿ ಓಡುತ್ತಿದ್ದರೆ ಅದನ್ನು ನಿಲ್ಲಿಸಲು ಗುಂಡಿ ಇರಲೇಬೇಕೆಂದು ಮಾನದಂಡ ಹೇಳುತ್ತದೆ. ಪುಟದ ತಲೆಯಲ್ಲಿ ನಿಂತ ಒಂದು ಸಾಲು ಸಾಕು.

ಬಣ್ಣ ಮತ್ತು ಚಿತ್ರ

ಹಸಿರು ಡಬ್ಬಿ ಹಸಿಕಸಕ್ಕೆ, ನೀಲಿ ಡಬ್ಬಿ ಒಣಕಸಕ್ಕೆ ಎಂಬುದು ಎಲ್ಲರಿಗೂ ಗೊತ್ತಿದೆ. 2026ರ ಘನತ್ಯಾಜ್ಯ ನಿಯಮಗಳಲ್ಲಿ ಹಸಿ, ಒಣ, ಸ್ಯಾನಿಟರಿ, ವಿಶೇಷ ಎಚ್ಚರಿಕೆಯ ಕಸ ಎಂದು ನಾಲ್ಕು ವಿಂಗಡಣೆ ಬಂದಿರುವುದರಿಂದ ಬಣ್ಣಗಳ ಗೊಂದಲ ಹೆಚ್ಚಬಹುದು. ಜಾಲತಾಣದಲ್ಲಿ 'ಹಸಿರು ಬಣ್ಣದ ದಿನಗಳಂದು ಕಸ ಇಡಿ' ಎಂದು ಬರೆದರೆ ಬಣ್ಣಗುರುಡು ಇರುವವರಿಗೂ ಅಂಧರಿಗೂ ಅದು ಸಿಗುವುದಿಲ್ಲ. ಬಣ್ಣ ಇರಲಿ, ಜೊತೆಗೆ ಹೆಸರೂ ಇರಲಿ: 'ಹಸಿಕಸ, ಹಸಿರು ಡಬ್ಬಿ'.

ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಬೇಕು. ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಬಿಳಿಯ ಮೇಲೆ ಕಪ್ಪು ಬರೆದರೆ ಈ ಅನುಪಾತ 21. ಬಿಳಿಯ ಮೇಲೆ ಕಡು ಹಸಿರು ಸುಮಾರು 5.1, ಅದು ತೇರ್ಗಡೆ. ಅಪ್ಪಟ ಕೆಂಪು ಸುಮಾರು 4, ಸಣ್ಣ ಅಕ್ಷರಕ್ಕೆ ಸಾಲದು. ಕಣ್ಣು ಕೋರೈಸುವ ತಿಳಿ ಹಸಿರು ಸುಮಾರು 1.4, ಹಳದಿ ಸುಮಾರು 1.1 ಮಾತ್ರ. ಸ್ವಚ್ಛತೆಯ ಜಾಲತಾಣವೆಂದು ಎಲ್ಲ ಕಡೆ ತಿಳಿ ಹಸಿರು ಬಳಿಯುವ ಮೊದಲು ಈ ಲೆಕ್ಕ ನೋಡಬೇಕು. ಇದನ್ನು ಅಳೆಯುವ ಉಪಕರಣಗಳು ಅಂತರ್ಜಾಲದಲ್ಲಿ ಉಚಿತವಾಗಿವೆ.

ಚಿತ್ರಗಳಿಗೆ 'ಆಲ್ಟ್' ಎಂಬ ಪರ್ಯಾಯ ಪಠ್ಯ ಬೇಕು. ಚಿತ್ರ ಹೇಳುವ ವಿಷಯವನ್ನು ಅಲ್ಲಿ ಬರೆಯಬೇಕು. 'ಚಿತ್ರ 3' ಎಂದರೆ ಉಪಯೋಗವಿಲ್ಲ. 'ಹಾಲಿನ ಪೊಟ್ಟಣವನ್ನು ತೊಳೆದು ಒಣಗಿಸಿ ಚೀಲಕ್ಕೆ ಹಾಕುವುದು' ಎಂದರೆ ವಿಷಯ ತಿಳಿಯುತ್ತದೆ. ಅಲಂಕಾರಕ್ಕೆ ಮಾತ್ರ ಹಾಕಿದ ಚಿತ್ರಕ್ಕೆ ಆಲ್ಟ್ ಖಾಲಿ ಬಿಟ್ಟರೆ ಸ್ಕ್ರೀನ್ ರೀಡರ್ ಅದನ್ನು ದಾಟಿ ಮುಂದೆ ಹೋಗುತ್ತದೆ.

ಪರ್ಯಾಯ ಪಠ್ಯ ಸಣ್ಣ ವಿಷಯವೆಂದು ಕಂಡರೂ ಜಗತ್ತಿನ ಮೊದಲ ದೊಡ್ಡ ಮೊಕದ್ದಮೆಗಳಲ್ಲಿ ಒಂದು ನಡೆದದ್ದು ಇದರ ಮೇಲೆಯೇ. ಸಿಡ್ನಿ ಒಲಿಂಪಿಕ್ಸ್ ಜಾಲತಾಣದ ಚಿತ್ರಗಳಿಗೆ ಪರ್ಯಾಯ ಪಠ್ಯವಿಲ್ಲ, ಫಲಿತಾಂಶದ ಕೋಷ್ಟಕ ಓದಲಾಗುತ್ತಿಲ್ಲ ಎಂದು ಬ್ರೂಸ್ ಮ್ಯಾಗ್ವೈರ್ ಎಂಬ ಅಂಧ ಬಳಕೆದಾರ ಆಸ್ಟ್ರೇಲಿಯದ ಮಾನವ ಹಕ್ಕು ಆಯೋಗಕ್ಕೆ ದೂರಿತ್ತರು. ಭಾರಿ ಖರ್ಚು ಬೀಳುತ್ತದೆ ಎಂಬ ಸಂಘಟನಾ ಸಮಿತಿಯ ವಾದವನ್ನು ಆಯೋಗ ಒಪ್ಪಲಿಲ್ಲ. ಆದೇಶ ಪೂರ್ಣವಾಗಿ ಪಾಲನೆಯಾಗದ ಕಾರಣ 2000ದಲ್ಲಿ 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಬೇಕಾಯಿತು.

ದೂರು ಮತ್ತು ಹಣ ಕಟ್ಟುವ ನಮೂನೆ

ನಮೂನೆಯಲ್ಲಿ ಪ್ರತಿ ಖಾನೆಗೂ ಅದರ ಹೆಸರನ್ನು 'ಲೇಬಲ್' ಮೂಲಕ ಜೋಡಿಸಬೇಕು. ಖಾನೆಯೊಳಗೆ ಮಸುಕಾಗಿ 'ಮನೆ ನಂಬರ್' ಎಂದು ಬರೆದಿಟ್ಟರೆ ಟೈಪ್ ಮಾಡಲು ತೊಡಗಿದೊಡನೆ ಅದು ಮಾಯವಾಗುತ್ತದೆ. ಮರೆವು ಇರುವವರಿಗೆ ಏನು ತುಂಬುತ್ತಿದ್ದೇವೆಂದೇ ತಿಳಿಯುವುದಿಲ್ಲ.

ತಪ್ಪು ತುಂಬಿದಾಗ ಖಾನೆಯ ಅಂಚು ಕೆಂಪಾದರೆ ಸಾಲದು. 'ಮೊಬೈಲ್ ನಂಬರಿನಲ್ಲಿ 10 ಅಂಕಿಗಳಿರಬೇಕು, 9 ಮಾತ್ರ ಇವೆ' ಎಂದು ಮಾತಿನಲ್ಲಿ ಬರಬೇಕು. ದೂರು ದಾಖಲಾದ ಮೇಲೆ ಬರುವ 'ನಿಮ್ಮ ದೂರಿನ ಸಂಖ್ಯೆ ಇಷ್ಟು' ಎಂಬ ಸಂದೇಶವನ್ನು ಸ್ಕ್ರೀನ್ ರೀಡರ್ ತಾನಾಗಿ ಓದುವಂತೆ ಸಂಕೇತದಲ್ಲಿ ಗುರುತಿಸಬೇಕು. ಇಲ್ಲದಿದ್ದರೆ ದೂರು ಹೋಯಿತೋ ಇಲ್ಲವೋ ತಿಳಿಯದೆ ಜನ ಮತ್ತೆ ಮತ್ತೆ ಒತ್ತುತ್ತಾರೆ. ಹಣ ಕಟ್ಟುವಾಗ ಹೀಗಾದರೆ ಎರಡು ಸಲ ಹಣ ಹೋಗುವ ಅಪಾಯವಿದೆ.

ಸೊಟ್ಟಂಬಟ್ಟ ಅಕ್ಷರಗಳ ಕ್ಯಾಪ್ಚಾ ಅಂಧರಿಗೆ ಮುಚ್ಚಿದ ಬಾಗಿಲು. ಅದರ ಬದಲು ಮೊಬೈಲಿಗೆ ಬರುವ ಓಟಿಪಿ ಸಾಕು, ಆದರೆ ಅದಕ್ಕೂ ಸಮಯ ಬೇಕು. ಸಮಯ ಮುಗಿಯುವ ಮುನ್ನ ಎಚ್ಚರಿಸಿ, ಕಡಿಮೆಯೆಂದರೆ 20 ಸೆಕೆಂಡಿನೊಳಗೆ ಒಂದು ಸುಲಭದ ಒತ್ತಿನಿಂದ ಅವಧಿ ಮುಂದುವರಿಸಲು ಅವಕಾಶ ಕೊಡಬೇಕೆಂದು ಡಬ್ಲ್ಯುಸಿಎಜಿ ಹೇಳುತ್ತದೆ. ಓಟಿಪಿಯನ್ನು ನಕಲು ಮಾಡಿ ಅಂಟಿಸುವುದನ್ನು ತಡೆಯಬಾರದು.

ಗುಂಡಿಗಳು ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಬೇಕು ಇಲ್ಲವೇ ನಡುವೆ ಅಷ್ಟು ಬಿಡುವಿರಬೇಕು ಎಂಬುದು 2.2 ಆವೃತ್ತಿಯ ನಿಯಮ. 44 ಪಿಕ್ಸೆಲ್ ಇದ್ದರೆ ನಡುಗುವ ಕೈಗೆ ಇನ್ನೂ ಅನುಕೂಲ. ಮನೆಯ ಜಾಗವನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬೇಕಾದ ಕಡೆ, ವಿಳಾಸ ಬರೆದು ಹೇಳುವ ದಾರಿಯೂ ಇರಬೇಕು.

ಗೋಡೆಗೆ ಅಂಟಿಸುವ ಕ್ಯುಆರ್ ಕೋಡಿಗೂ ಇದೇ ಮಾತು. ಅದು ಎಲ್ಲಿದೆಯೆಂದು ಅಂಧರಿಗೆ ಕಾಣುವುದಿಲ್ಲ. ಫಲಕದ ಅಂಚು ಬೆರಳಿಗೆ ಸಿಗುವಂತೆ ಉಬ್ಬಿದ್ದರೆ, ಕೋಡಿನ ಸಂಖ್ಯೆಯನ್ನು ಟೈಪ್ ಮಾಡಿಯೂ ಅದೇ ಪುಟ ತೆರೆಯುವಂತಿದ್ದರೆ ತೊಡಕು ನೀಗುತ್ತದೆ.

ಕಿವುಡರಿಗೆ, ನಿಧಾನವಾಗಿ ಓದುವವರಿಗೆ

ದೂರಿಗೆ ಫೋನ್ ನಂಬರಿನ ಜೊತೆ ಎಸ್ಎಂಎಸ್ ಅಥವಾ ವಾಟ್ಸ್‌ಆ್ಯಪ್ ನಂಬರ್ ಕೊಡಬೇಕು. ಗಾಡಿಯ ಗಂಟೆ, ಹಾಡು ಕೇಳಿಸದವರಿಗೆ ಗಾಡಿ ಹೊರಟಾಗ ಒಂದು ಎಸ್ಎಂಎಸ್ ಬಂದರೆ ದೊಡ್ಡ ಉಪಕಾರ. ಇದಕ್ಕೆ ಹೆಸರು ಕೊಡುವ ಪುಟ ಜಾಲತಾಣದಲ್ಲಿ ಇರಲಿ. ವಿಂಗಡಣೆಯ ವಿಡಿಯೋ ಹಾಕಿದರೆ ಅದರ ಮಾತುಗಳನ್ನು ಅಡಿಬರಹವಾಗಿ ಕೊಡಬೇಕು.

ಭಾಷೆ ಸರಳವಾಗಿರಲಿ. 'ಅಜೈವಿಕ ತ್ಯಾಜ್ಯವನ್ನು ಮೂಲದಲ್ಲಿಯೇ ಪ್ರತ್ಯೇಕಿಸಿ ಹಸ್ತಾಂತರಿಸತಕ್ಕದ್ದು' ಎನ್ನುವುದಕ್ಕಿಂತ 'ಪ್ಲಾಸ್ಟಿಕ್, ಗಾಜು, ಲೋಹ ಇವನ್ನು ಬೇರೆಬೇರೆ ಚೀಲದಲ್ಲಿ ಕೊಡಿ' ಎಂದರೆ ಎಲ್ಲರಿಗೂ ತಿಳಿಯುತ್ತದೆ. ಕೊಂಡಿಗಳಲ್ಲಿ 'ಇಲ್ಲಿ ಒತ್ತಿ' ಎಂದು ಬರೆಯುವ ಬದಲು 'ಜೂನ್ ತಿಂಗಳ ಪಟ್ಟಿ' ಎಂದು ಬರೆಯಬೇಕು. ಸ್ಕ್ರೀನ್ ರೀಡರ್ ಬಳಸುವವರು ಕೊಂಡಿಗಳನ್ನಷ್ಟೇ ಪಟ್ಟಿ ಮಾಡಿಕೊಂಡು ಕೇಳುವುದುಂಟು. ಆಗ ಹತ್ತು 'ಇಲ್ಲಿ ಒತ್ತಿ' ಕೇಳಿ ಏನೂ ತಿಳಿಯುವುದಿಲ್ಲ.

ಮನೆಯೊಳಗಿಂದಲೇ ಒಯ್ಯುವ ನೆರವು

ಎಲ್ಲಕ್ಕಿಂತ ಮುಖ್ಯವಾದ ಒಂದು ಪುಟವನ್ನು ಹಲವರು ಮರೆಯುತ್ತಾರೆ. ಕಸವನ್ನು ಗೇಟಿನ ತನಕ ತರಲಾಗದವರು ಅದನ್ನು ಹೇಳಿಕೊಳ್ಳಲು ಜಾಲತಾಣದಲ್ಲಿ ಜಾಗವಿರಬೇಕು. ಬ್ರಿಟನ್ನಿನ ಹಲವು ಸ್ಥಳೀಯ ಸಂಸ್ಥೆಗಳಲ್ಲಿ ಇಂಥ ಮನೆಗಳನ್ನು ಪಟ್ಟಿ ಮಾಡಿಕೊಂಡು, ಕೆಲಸದವರೇ ಮನೆಯ ಬಳಿ ಹೋಗಿ ಡಬ್ಬಿ ತಂದು ಮತ್ತೆ ಅಲ್ಲೇ ಇಡುವ ಏರ್ಪಾಡಿದೆ. ನಮ್ಮ ಊರುಗಳಲ್ಲಿ ಕಾರ್ಮಿಕರಿಗೆ ಮನೆಯವರ ಪರಿಚಯ ಇರುವುದರಿಂದ ಮಾತಿನಲ್ಲೇ ಇದು ನಡೆದುಹೋಗುತ್ತದೆ. ಆದರೆ ಬರುವವರು ಬದಲಾದ ತಿಂಗಳು ಆ ಏರ್ಪಾಡು ನಿಂತುಬಿಡುತ್ತದೆ. ಬರೆದಿಟ್ಟ ಪಟ್ಟಿಯಿದ್ದರೆ ಹೊಸಬರಿಗೂ ತಿಳಿಯುತ್ತದೆ. ಆ ಪಟ್ಟಿಯಲ್ಲಿ ಯಾರ ಮನೆಯಲ್ಲಿ ಯಾವ ಕಾಯಿಲೆ ಎಂಬ ವಿವರ ಬೇಡ, 'ಮೆಟ್ಟಿಲ ಬಳಿ ಬಂದು ಒಯ್ಯಬೇಕು' ಎಂದಿದ್ದರೆ ಸಾಕು. ಪಟ್ಟಿಯನ್ನು ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಲೇಬಾರದು.

ಅರ್ಧ ಗಂಟೆಯ ಪರೀಕ್ಷೆ

ಜಾಲತಾಣ ಸರಿಯಿದೆಯೇ ಎಂದು ನೋಡಲು ತಂತ್ರಜ್ಞರೇ ಬೇಕೆಂದಿಲ್ಲ. ಊರಿನ ಗ್ರಂಥಾಲಯದಲ್ಲೋ ಶಾಲೆಯಲ್ಲೋ ಒಂದು ಗಣಕಯಂತ್ರವಿದ್ದರೆ ಹೀಗೆ ನೋಡಬಹುದು.

1. ಮೌಸ್ ಬದಿಗಿಡಿ. ಟ್ಯಾಬ್ ಮತ್ತು ಎಂಟರ್ ಕೀಲಿಗಳಿಂದಲೇ ಒಂದು ದೂರು ತುಂಬಿ ನೋಡಿ. ಈಗ ಎಲ್ಲಿದ್ದೇವೆಂದು ತೋರಿಸುವ ಚೌಕಟ್ಟು ಕಾಣುತ್ತಿರಬೇಕು.
2. ಕಂಟ್ರೋಲ್ ಮತ್ತು ಪ್ಲಸ್ ಕೀಲಿ ಒತ್ತಿ ಶೇ. 200ಕ್ಕೆ ಹಿಗ್ಗಿಸಿ. ಅಕ್ಷರಗಳು ಒಂದರ ಮೇಲೊಂದು ಬೀಳಬಾರದು, ಗುಂಡಿಗಳು ಮಾಯವಾಗಬಾರದು.
3. ಗಾಡಿ ಪಟ್ಟಿಯ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ರೋಮನ್ ಚಿಹ್ನೆ ಬಂದರೆ ಹಳೆಯ ಫಾಂಟ್. ನಕಲು ಮಾಡಲೇ ಆಗದಿದ್ದರೆ ಅದು ಚಿತ್ರ.
4. ಫೋನಿನ ಪರದೆಯನ್ನು ಕಪ್ಪುಬಿಳುಪಿಗೆ ಬದಲಿಸಿ. ಯಾವ ದಿನ ಯಾವ ಕಸವೆಂದು ಆಗಲೂ ತಿಳಿಯಬೇಕು.
5. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿ. ಇದನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಮೈಕೆಲ್ ಕರನ್. ಅವರೂ ಅವರೊಡನೆ ಸೇರಿದ ಜೇಮ್ಸ್ ಟೆಹ್ ಅವರೂ ಅಂಧರು. ಇದರೊಡನೆ ಬರುವ ಇಸ್ಪೀಕ್ ಧ್ವನಿ ಕನ್ನಡ, ಮಲಯಾಳ, ತಮಿಳು, ತೆಲುಗು, ಮರಾಠಿಗಳನ್ನು ಓದುತ್ತದೆ. ಎಚ್ ಕೀಲಿ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ, ಟಿ ಒತ್ತಿದರೆ ಕೋಷ್ಟಕಕ್ಕೆ ಹೋಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೇ ಕೆಲಸ ಮಾಡುತ್ತದೆ.
6. ಕೊನೆಯದಾಗಿ, ಊರಿನಲ್ಲೇ ಇರುವ ಅಂಗವಿಕಲರನ್ನು ಕರೆದು ಬಳಸಿ ನೋಡಲು ಕೇಳಿ. ಮೇಲಿನ ಐದೂ ಪರೀಕ್ಷೆ ತೇರ್ಗಡೆಯಾದ ಪುಟವೂ ಇಲ್ಲಿ ಎಡವಬಹುದು.

ಸಾಮಾನ್ಯ ಪ್ರಶ್ನೆಗಳು

*ಅಕ್ಷರ ದೊಡ್ಡದು ಮಾಡುವ ಗುಂಡಿ ಅಥವಾ ಸಿದ್ಧ ತಂತ್ರಾಂಶ ಅಳವಡಿಸಿದರೆ ಸಾಲದೇ?*
ಸಾಲದು. ಒಳಗಿನ ಸಂಕೇತ ಸರಿಯಿಲ್ಲದಿದ್ದರೆ ಮೇಲಿನ ಲೇಪ ಏನೂ ಮಾಡದು. ತನ್ನ ತಂತ್ರಾಂಶ ಯಾವುದೇ ಜಾಲತಾಣವನ್ನು ಡಬ್ಲ್ಯುಸಿಎಜಿಗೆ ಹೊಂದಿಸುತ್ತದೆ ಎಂದು ಹೇಳಿಕೊಂಡಿದ್ದ ಆಕ್ಸೆಸಿಬಿ ಕಂಪೆನಿ 10 ಲಕ್ಷ ಡಾಲರ್ ಕಟ್ಟಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶಿಸಿತು.

*ಖರ್ಚು ಹೆಚ್ಚಾಗುವುದಿಲ್ಲವೇ?*
ಮೊದಲೇ ಸರಿಯಾಗಿ ಕಟ್ಟಿದರೆ ಹೆಚ್ಚಿನ ಖರ್ಚು ಬೀಳುವುದಿಲ್ಲ. ಯೂನಿಕೋಡ್ ಬಳಸಲು, ಪರ್ಯಾಯ ಪಠ್ಯ ಬರೆಯಲು, ಲೇಬಲ್ ಜೋಡಿಸಲು ಯಾವ ಪರವಾನಗಿ ಶುಲ್ಕವೂ ಇಲ್ಲ. ಕಟ್ಟಿ ಮುಗಿದ ಮೇಲೆ ಒಡೆದು ಸರಿಪಡಿಸಲು ಹೊರಟರೆ ಖರ್ಚು ಏರುತ್ತದೆ. ಅದಕ್ಕೆಂದೇ ಸ್ಥಳೀಯಾಡಳಿತಗಳು ಗುತ್ತಿಗೆಯ ಕರಾರಿನಲ್ಲೇ ಐಎಸ್ 17802 ಮತ್ತು ಡಬ್ಲ್ಯುಸಿಎಜಿ ಎಎ ಮಟ್ಟದ ಷರತ್ತು ಬರೆಯುವುದು ಜಾಣತನ.

*ಆ್ಯಪ್ ಇದ್ದರೆ ಜಾಲತಾಣ ಹೇಗಿದ್ದರೂ ಆದೀತೇ?*
ಆಗದು. ಆ್ಯಪಿಗೂ ಇದೇ ನಿಯಮಗಳು ಅನ್ವಯಿಸುತ್ತವೆ. ಎರಡರಲ್ಲಿ ಯಾವುದನ್ನೂ ಬಳಸಲಾಗದವರಿಗೆ ಕಾಗದದ ರಶೀದಿ, ನಗದು ಪಾವತಿಯ ದಾರಿಯೂ ತೆರೆದಿರಬೇಕು.

ಯಾರಿಗೆ ಬರೆಯಬೇಕು?

ಮೊದಲು ಸಂಸ್ಥೆಗೆ, ಅದರ ಪ್ರತಿಯನ್ನು ಪಂಚಾಯತ್ ಅಥವಾ ನಗರಸಭೆಯ ಕಾರ್ಯದರ್ಶಿಗೆ ಬರೆಯಬೇಕು. ಯಾವ ಪುಟ, ಯಾವ ಸಾಧನ, ಏನು ಮಾಡಲು ಹೋದಾಗ ಏನಾಯಿತು, ಯಾವ ದಿನ ಎಂಬ ನಾಲ್ಕು ವಿವರ ಇರಲಿ. ಗ್ರಾಮಸಭೆಯಲ್ಲೂ ವಿಷಯ ಎತ್ತಬಹುದು.

ಅಲ್ಲಿ ಪರಿಹಾರ ಸಿಗದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. 2016ರ ಕಾಯ್ದೆಯ 80ನೇ ಸೆಕ್ಷನ್ ಅವರಿಗೆ ವಿಚಾರಣೆಯ ಅಧಿಕಾರ ಕೊಟ್ಟಿದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ 3 ತಿಂಗಳೊಳಗೆ ಕೈಗೊಂಡ ಕ್ರಮವನ್ನು ತಿಳಿಸಬೇಕು. ಗಡಿಯಾಚೆಯ ಕನ್ನಡಿಗರು ಇಲ್ಲಿ ಒಂದು ವಿಷಯ ನೆನಪಿಡಬೇಕು: ಬರೆಯಬೇಕಾದದ್ದು ತಾವಿರುವ ರಾಜ್ಯದ ಆಯುಕ್ತರಿಗೆ. ಮಂಜೇಶ್ವರದವರಿಗೆ ಕೇರಳದವರು, ಅಕ್ಕಲಕೋಟೆಯವರಿಗೆ ಮಹಾರಾಷ್ಟ್ರದವರು, ತಾಳವಾಡಿಯವರಿಗೆ ತಮಿಳುನಾಡಿನವರು, ಮಡಕಶಿರಾದವರಿಗೆ ಆಂಧ್ರಪ್ರದೇಶದವರು.

ಬರೆಯಲು ಆ ರಾಜ್ಯದ ಭಾಷೆ ಬಾರದೆಂದು ಹಿಂಜರಿಯಬೇಕಿಲ್ಲ. ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ನೀಡಿದೆ. ಕೇರಳದಲ್ಲಿ 1969ರ ಅಧಿಕೃತ ಭಾಷಾ ಕಾಯ್ದೆಯೂ ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ದೂರಿನ ಪ್ರತಿ ಮತ್ತು ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, ಮುಂದಿನ ಹಂತಗಳಲ್ಲಿ ಅವೇ ದಾಖಲೆ.